ಜಾಝ್ ಫ್ಯೂಷನ್ ಎಲ್ಲೆ ಕೇಳ್ಬೇಕು? ಕಲಬುರಗಿ, ಬೀದರ್, ಯಾದಗಿರಿ ಕಡಿ ಮಂದಿಗೆ ರೇಡಿಯೋ ಮತ್ತ ಸ್ಟ್ರೀಮಿಂಗ್ ದಾರಿ

ಮೊದಲ ಒಂದ್ ಮಾತು. ಕಲಬುರಗಿದಾಗ ಕೂತು ರೇಡಿಯೋದ ಮುಳ್ಳು ಎಷ್ಟ್ ತಿರುವಿದ್ರೂ ಜಾಝ್ ಫ್ಯೂಷನ್, ಅಂದ್ರ ಜಾಝ್ ಜೋಡಿ ರಾಕ್, ಕುಣಿಸೋ ತಾಳದ ಫಂಕ್ ಮತ್ತ ಕರೆಂಟಿನ ವಾದ್ಯ ಕಲಸಿದ ಸಂಗೀತ, ಸಿಗಂಗಿಲ್ಲ ಬಿಡ್ರಿ. ಆಕಾಶವಾಣಿದಾಗ ವಚನ, ತತ್ವಪದ, ರೈತರ ಕಾರ್ಯಕ್ರಮ ಬರ್ತಾವ, ಖಾಸಗಿ ಎಫ್ಎಂದಾಗ ಸಿನಿಮಾ ಹಾಡು ಮತ್ತ ಆ ಆರ್‌ಜೆಗಳ ಮಾತು, ಮುಗೀತು. ಹಿಂದಕ ಶಾರ್ಟ್‌ವೇವ್ ಅಂತ ದೂರದೇಶದ ರೇಡಿಯೋ ಹಿಡಿಯೋ ಒಂದ್ ದಾರಿ ಇತ್ತು, ವಾಯ್ಸ್ ಆಫ್ ಅಮೆರಿಕಾದಾಗ ವಿಲ್ಲಿಸ್ ಕಾನೋವರ್ ಅನ್ನೋರು 1955ರಿಂದ 1996ರಾಗ ತೀರ್ಕೊಳ್ಳೋ ತನಕ ಜಗತ್ತಿಗೆಲ್ಲ ಜಾಝ್ ಕೇಳಿಸ್ತಿದ್ರು, ಗರ್ ಗರ್ ಅನ್ನೋ ಸದ್ದಿನ ನಡುವ ಆದ್ರೂ ಏನೋ ಒಂದು ಸಿಗ್ತಿತ್ತು. ಈಗ ಎಲ್ಲಾ ಫೋನಿನ್ಯಾಗ ಅದ, ಆದ್ರ ಹ್ಯಾಂಗ ಹುಡುಕ್ಬೇಕು ಅನ್ನೋದೇ ತಲಿನೋವು.

ಯಾಕಂದ್ರ ಬರೇ ಫ್ಯೂಷನ್ ಅಂತ ಟೈಪ್ ಮಾಡಿ ನೋಡ್ರಿ, ಏನ್ ಬರ್ತದ? ಮದುವಿ ಸಂಗೀತದ ರೀಮಿಕ್ಸ್, ಭಜನಿಗೆ ಡ್ರಮ್ ಮಷೀನ್ ಕೂಡಿಸಿದ್ದು, ವಯೊಲಿನ್‌ದಾಗ ಸಿನಿಮಾ ಹಾಡು ನುಡಿಸಿದ್ದು, ಅಡುಗಿ ವಿಡಿಯೋನೂ ಬರ್ತಾವ. ಅವು ಕೆಟ್ಟವು ಅಂತಲ್ಲ, ನಿಮಗ ಬೇಕಾದ್ದು ಅದಲ್ಲ ಅಷ್ಟ. ಮತ್ತ ಬರೇ ಜಾಝ್ ಅಂತ ಹಾಕಿದ್ರ ಸ್ಮೂತ್ ಜಾಝ್ ಬರ್ತದ, ಹೋಟೆಲ್ ಲಾಬಿದಾಗ ಹಚ್ಚಿರ್ತಾರಲ್ಲ ಅದು, ಇಲ್ಲಾ ಮಳಿ ಸದ್ದಿನ ಜೋಡಿ ಹತ್ತು ತಾಸಿನ ಕೆಫೆ ಮ್ಯೂಸಿಕ್ ಅಂತ ಒಂದ್ ವಿಡಿಯೋ. ಅದಕ್ಕ ಇಂಗ್ಲಿಷ್ ಅಕ್ಷರದಾಗ ಜಾಝ್ ಫ್ಯೂಷನ್ ಅಂತ ಎರಡೂ ಪದ ಕೂಡಿಸಿ ಹಾಕ್ರಿ, ಆಮ್ಯಾಲ ಜಾಝ್ ರಾಕ್, ಜಾಝ್ ಫಂಕ್ ಅಂತ ಬ್ಯಾರೆ ಬ್ಯಾರೆ ಹಾಕಿ ನೋಡ್ರಿ. ಒಂದೇ ಸಂಗೀತಕ್ಕ ಒಬ್ಬೊಬ್ರು ಒಂದೊಂದ್ ಹೆಸರು ಇಟ್ಟಿರ್ತಾರ.

ಆದ್ರೂ ನನ್ ಕೇಳಿದ್ರ, ಪ್ರಕಾರದ ಹೆಸರಿಗಿಂತ ನುಡಿಸೋರ ಹೆಸರು ಹಿಡಿಯೋದೇ ಛಲೋ. ಬರೇ ಫ್ಯೂಷನ್ ಹಾಕೋ ಸ್ಟೇಷನ್ ಅಂತ ಹುಡುಕ್ಕೋತ ಹೋದ್ರ ನಾಕೈದು ಸಿಗಬಹುದು, ಅದ್ರಾಗೂ ಅರ್ಧ ಬಂದ್ ಬಿದ್ದಿರ್ತಾವ. ಹೆಸರು ಗೊತ್ತಿದ್ರ ಮಾತ್ರ ಯಾವ್ ಆ್ಯಪ್‌ದಾಗ ಹೋದ್ರೂ ಬಾಗ್ಲ ತೆಗೀತದ. ಹೊಸಬ್ರಿದ್ರ ಇಷ್ಟು ಬರ್ಕೊಳ್ರಿ ಸಾಕು: ಮೈಲ್ಸ್ ಡೇವಿಸ್, ಅದ್ರಾಗೂ 1969-70ರ ಕಾಲದ್ದು, ಆತ ಟ್ರಂಪೆಟ್ ಜೋಡಿ ಕರೆಂಟಿನ ಪಿಯಾನೋ, ಕರೆಂಟಿನ ಗಿಟಾರ್ ಕೂಡಿಸಿದ್ದಕ್ಕೇ ಇದೆಲ್ಲಾ ಚಾಲೂ ಆತು ಅಂತ ಹೇಳ್ತಾರ. ಆತನ ಜೋಡಿ ನುಡಿಸಿದವ್ರೇ ಮುಂದ ಒಬ್ಬೊಬ್ರಾಗಿ ತಮ್ ತಮ್ ಬ್ಯಾಂಡ್ ಕಟ್ಟಿದ್ರು. ಜಾನ್ ಮೆಕ್‌ಲಾಫ್ಲಿನ್ 1971ರಾಗ ಮಹಾವಿಷ್ಣು ಆರ್ಕೆಸ್ಟ್ರಾ, ಜೋ ಝಾವಿನುಲ್ ಮತ್ತ ವೇಯ್ನ್ ಶಾರ್ಟರ್ ಕೂಡಿ ವೆದರ್ ರಿಪೋರ್ಟ್, ಚಿಕ್ ಕೋರಿಯಾ ರಿಟರ್ನ್ ಟು ಫಾರೆವರ್, ಹರ್ಬಿ ಹ್ಯಾನ್‌ಕಾಕ್ 1973ರಾಗ ಹೆಡ್ ಹಂಟರ್ಸ್. ಬಾಸ್ ಗಿಟಾರ್ ಅಂದ್ರ ಜಾಕೊ ಪಾಸ್ಟೋರಿಯಸ್. ಜಪಾನಿನ ಕ್ಯಾಸಿಯೋಪಿಯಾ, ಟಿ-ಸ್ಕ್ವೇರ್. ಈಗಿನವ್ರಾಗ ಸ್ನಾರ್ಕಿ ಪಪ್ಪಿ, ಹಿರೋಮಿ. ಇವ್ರ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಒಮ್ಮಿ ಸರಿಯಾಗಿ ನೋಡಿ ನೋಟ್ಸ್‌ದಾಗ ಇಟ್ಕೊಳ್ರಿ, ಮುಂದಿನ ಕೆಲ್ಸೆಲ್ಲಾ ಅದ್ರ ಮ್ಯಾಲೇ ಅದ.

ಈಗ ಸ್ಟೇಷನ್‌ಗಳಿಗೆ ಬರೋಣ. ನಾ ಮೊದಲ ಹೇಳೋದು ಸೋಮಾ ಎಫ್ಎಂ. ಸ್ಯಾನ್ ಫ್ರಾನ್ಸಿಸ್ಕೋದ್ದು, 2000ದಿಂದ ನಡದದ, ಜಾಹೀರಾತು ಇಲ್ಲ, ಕೇಳೋ ಮಂದಿ ಕೊಡೋ ರೊಕ್ಕದ ಮ್ಯಾಲೇ ನಡೀತದ. ಅದ್ರಾಗ ಭಾಳ ಚಾನೆಲ್ ಅವ, ನಿಮಗ ಬೇಕಾದ್ದು ಸೋನಿಕ್ ಯೂನಿವರ್ಸ್. ಪಕ್ಕಾ ಫ್ಯೂಷನ್ ಅಂತ ಹೇಳಂಗಿಲ್ಲ, ಜಾಝ್ ಜೋಡಿ ಎಲೆಕ್ಟ್ರಾನಿಕ್, ಒಂದಿಷ್ಟು ಪ್ರಯೋಗದ್ದೂ ಬರ್ತದ, ನಡುನಡುವ ಏನಪ್ಪಾ ಇದು ಅನಸ್ತದ, ಆದ್ರ ತಾಸ್ ಎರಡ್ ತಾಸ್ ಹಚ್ಚಿಟ್ರ ಒಂದಾದ್ರೂ ಹೊಸಾ ಬ್ಯಾಂಡ್ ಸಿಕ್ಕೇ ಸಿಗ್ತದ. ಲಾಗಿನ್ ಬೇಕಿಲ್ಲ, ಬ್ರೌಸರ್‌ದಾಗೇ ಹತ್ತತದ.

ಹೆಸರಿನ್ಯಾಗೇ ಫ್ಯೂಷನ್ ಇರೋದು ಬೇಕಂದ್ರ ಜಾಝ್‌ರೇಡಿಯೋ ಡಾಟ್ ಕಾಮ್ ಅಂತ ಅದ, ಅದ್ರಾಗ ಬಾಸ್ ಜಾಝ್, ಗಿಟಾರ್ ಜಾಝ್ ಅಂತ ಭಾಳ ಚಾನೆಲ್ ಮಾಡಿ ಇಟ್ಟಾರ, ಫ್ಯೂಷನ್ ಲೌಂಜ್ ಅಂತನೂ ಒಂದದ. ಪುಕ್ಕಟೆ ಕೇಳಿದ್ರ ಜಾಹೀರಾತು ಬರ್ತಾವ, ರೊಕ್ಕ ಕೊಟ್ರ ಇಲ್ಲ. ನನಗ ಆ ಲೌಂಜ್ ಜರಾ ಮೆತ್ತಗ ಅನಸ್ತದ, ಮಹಾವಿಷ್ಣುವಿನ ಆ ಬೆಂಕಿ ಬೇಕಂದ್ರ ಅಲ್ಲಿ ಸಿಗಂಗಿಲ್ಲ, ಆದ್ರ ಮನ್ಯಾಗ ಹಿರಿಯರ ಮುಂದ ಹಚ್ಚೋದಿದ್ರ ಅದೇ ಸೇಫ್. ಫ್ರಾನ್ಸಿನ ಲಿಯಾನ್ ಊರಿಂದು ಜಾಝ್ ರೇಡಿಯೋ ಅಂತ ಬ್ಯಾರೆ ಸ್ಟೇಷನ್ ಅದ, ಎರಡಕ್ಕೂ ಸಂಬಂಧ ಇಲ್ಲ, ಹುಡುಕೋವಾಗ ನೋಡಿ ಒತ್ರಿ.

ಉಳದಿದ್ದು ಸಾದಾ ಜಾಝ್ ಸ್ಟೇಷನ್. ರೇಡಿಯೋ ಸ್ವಿಸ್ ಜಾಝ್, ಸ್ವಿಟ್ಜರ್‌ಲ್ಯಾಂಡಿನ ಸಾರ್ವಜನಿಕ ಪ್ರಸಾರದವ್ರದ್ದು, ಮಾತೂ ಇಲ್ಲ ಜಾಹೀರಾತೂ ಇಲ್ಲ, ಸದ್ದು ಭಾಳ ಸ್ವಚ್ಛ. ಆದ್ರ ಫ್ಯೂಷನ್ ಅಲ್ಲಿ ಉಪ್ಪಿನಕಾಯಿ ಇದ್ದಂಗ, ನಡುವ ಒಂದ್ ಚೂರು. ಪ್ಯಾರಿಸಿನ ಫಿಪ್, 1971ರಿಂದ ಇರೋ ಸ್ಟೇಷನ್, ಅದ್ರ ಇಂಟರ್ನೆಟ್ ಚಾನೆಲ್‌ಗಳಾಗ ಫಿಪ್ ಜಾಝ್ ಅಂತ ಬ್ಯಾರೆ ಅದ, ಇದು ಸ್ವಿಸ್‌ಕಿಂತ ಧೈರ್ಯದ್ದು, ಆಫ್ರಿಕಾ, ಬ್ರೆಜಿಲ್, ಫಂಕ್ ಎಲ್ಲಾ ಕಲಸಿ ಹಚ್ತಾರ. ಅಮೆರಿಕಾದ ಡಬ್ಲ್ಯೂಬಿಜಿಓ ನ್ಯೂಯಾರ್ಕ್ ಬಾಜೂಕಿನ ನ್ಯೂವಾರ್ಕ್‌ದಿಂದ, ಕೆಸಿಎಸ್ಎಂ ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೋದಿಂದ, ಜಾಝ್24 ಸಿಯಾಟಲ್ ಕಡಿಯಿಂದ. ಇವೆಲ್ಲಾ ಹೆಚ್ಚಾಗಿ ಹಳೇ ಜಾಝೇ ಹಾಕ್ತಾವ, ಆದ್ರ ಇಲ್ಲಿ ಕೂತು ಹಚ್ಚೋ ಮನುಷ್ಯಾ ಒಬ್ಬ ಇರ್ತಾನ, ಅದೇ ಇವ್ರ ತಾಕತ್ತು. ಒಬ್ಬೊಬ್ರ ಶೋಕ್ಕ ಒಂದೊಂದ್ ರುಚಿ, ಯಾರ ಶೋದಾಗ ಎಪ್ಪತ್ತರ ದಶಕದ್ದು ಜಾಸ್ತಿ ಬರ್ತದ ಅಂತ ಒಮ್ಮಿ ಗೊತ್ತಾತಂದ್ರ ಆ ಟೈಮ್ ಹಿಡೀರಿ.

ಟೈಮಿನ ಲೆಕ್ಕ ಇಲ್ಲೇ ಹೇಳ್ತೀನಿ, ಯಾಕಂದ್ರ ಭಾಳ ಮಂದಿ ಇಲ್ಲೇ ತಪ್ಪಸ್ಕೋತಾರ. ನ್ಯೂಯಾರ್ಕ್ ಕಡಿ ರಾತ್ರಿ 8ಕ್ಕ ಶೋ ಅಂದ್ರ ನಮಗ ಮರುದಿನ ಮುಂಜಾನಿ 5:30, ಅವ್ರ ಚಳಿಗಾಲದಾಗ 6:30. ಕ್ಯಾಲಿಫೋರ್ನಿಯಾದ ರಾತ್ರಿ 8 ಅಂದ್ರ ನಮ್ಮ ಮುಂಜಾನಿ 8:30, ಚಳಿಗಾಲಕ್ಕ 9:30. ಪ್ಯಾರಿಸಿನ ರಾತ್ರಿ 8 ನಮಗ 11:30, ಚಳಿಗಾಲಕ್ಕ ರಾತ್ರಿ 12:30. ಅಂದ್ರ ಅಮೆರಿಕಾದ ಛಲೋ ಶೋಗಳು ನಮಗ ವಾಕಿಂಗ್ ಹೊತ್ತಿಗೆ, ಇಲ್ಲಾ ಆಫೀಸಿಗೆ ಹೊಂಟಾಗ ಸಿಗ್ತಾವ. ಅಪ್ಪನ ಕೆರಿ ಸುತ್ತ ಒಂದ್ ರೌಂಡ್ ಹಾಕೋರಿಗೆ ಹೇಳಿ ಮಾಡ್ಸಿದ ಟೈಮ್. ಅಮೆರಿಕಾದವ್ರು ಮಾರ್ಚ್‌ದಾಗ ಗಡಿಯಾರ ಮುಂದ ಮಾಡಿ ನವೆಂಬರ್‌ದಾಗ ಹಿಂದ ಮಾಡ್ತಾರ, ಯುರೋಪಿನವ್ರು ಮಾರ್ಚ್ ಕೊನೀಗೆ ಮತ್ತ ಅಕ್ಟೋಬರ್ ಕೊನೀಗೆ. ಶೋ ಒಮ್ಮಿಗೇ ಒಂದ್ ತಾಸು ಆಚೀಚಿ ಆತಂದ್ರ ಆ್ಯಪ್ ಕೆಟ್ಟದ ಅಂತ ಅಳಿಸಬ್ಯಾಡ್ರಿ.

ಈಗ ಖರೇ ಖಜಾನಿ ಎಲ್ಲೆ ಅದ ಅಂತ ಹೇಳ್ತೀನಿ. ಸ್ಟೇಷನ್ ಕೇಳೋದು ಅರ್ಧ ಕೆಲ್ಸ, ಅವ್ರು ಈಗಾಗ್ಲೇ ಹಚ್ಚಿದ ಹಾಡಿನ ಪಟ್ಟಿ ಓದೋದು ಉಳದರ್ಧ. ಸೋಮಾ ಎಫ್ಎಂದಾಗ ಒಂದೊಂದ್ ಚಾನೆಲ್ಲಿಗೂ ಈಗಿನ ಹಾಡು, ಅದ್ರ ಹಿಂದಿನ ಹಾಡು ಅಂತ ಟೈಮ್ ಸಮೇತ ಪಟ್ಟಿ ಇರ್ತದ, ಸ್ವಿಸ್ ಜಾಝ್‌ದವ್ರೂ ಯಾವ್ ಹೊತ್ತಿಗೆ ಏನ್ ಬಂತು ಅಂತ ವೆಬ್‌ಸೈಟ್‌ದಾಗ ಇಡ್ತಾರ. ಹಿಂಗ ಮಾಡ್ರಿ: ರಾತ್ರಿ ಕೆಲ್ಸ ಮಾಡ್ಕೋತ ಹಚ್ಚಿಡ್ರಿ, ಒಂದ್ ಹಾಡು ಕಿವಿ ಹಿಡೀತು ಅಂದ್ಕೊಳ್ರಿ, ಎದ್ದು ಹೆಸರು ನೋಡೋದೇನ್ ಬ್ಯಾಡ, ಗಡಿಯಾರ ಅಷ್ಟೇ ನೋಡ್ರಿ, 10:42 ಅಂತ ಕಾಗದದ ಮ್ಯಾಲ ಗೀಚಿ ಬಿಡ್ರಿ. ಆಮ್ಯಾಲ ಪುರಸೊತ್ತಾದಾಗ ಪಟ್ಟಿ ತೆಗೆದು ಆ ಟೈಮಿಂದು ನೋಡ್ರಿ, ಸ್ಟೇಷನ್ ತನ್ ಊರಿನ ಟೈಮ್ ತೋರಿಸ್ತಿದ್ರ ಮ್ಯಾಲಿನ ಲೆಕ್ಕ ಹಾಕ್ರಿ, ಮತ್ತ ಭಾಳ ತಡ ಮಾಡಬ್ಯಾಡ್ರಿ, ಕೆಲವು ಪಟ್ಟಿಗಳಾಗ ಇತ್ತೀಚಿನವಷ್ಟೇ ಇರ್ತಾವ. ಹೆಸರು ಸಿಕ್ಕ ಮ್ಯಾಲ ಅಲ್ಲಿಗೇ ನಿಲ್ಲಬ್ಯಾಡ್ರಿ, ಡಿಸ್ಕಾಗ್ಸ್ ಅಂತ ಸೈಟ್ ಅದ, ಅದ್ರಾಗ ಆ ಆಲ್ಬಮ್ ಹಾಕಿದ್ರ ಡ್ರಮ್ ಯಾರು, ಬಾಸ್ ಯಾರು, ಕೀಬೋರ್ಡ್ ಯಾರು ಅಂತ ಬರ್ತದ. ಆ ಡ್ರಮ್ ನುಡಿಸಿದವ್ನ ಹೆಸರಿನ ಮ್ಯಾಲ ಒತ್ರಿ, ಆತ ನುಡಿಸಿದ ಉಳದ ಆಲ್ಬಮ್ ಎಲ್ಲಾ ಸಾಲಾಗಿ ನಿಲ್ತಾವ. ಉದಾಹರಣಿಗೆ ಮಹಾವಿಷ್ಣು ಆರ್ಕೆಸ್ಟ್ರಾದ ಡ್ರಮ್ಮರ್ ಬಿಲ್ಲಿ ಕಾಬ್‌ಹ್ಯಾಮ್, ಕೀಬೋರ್ಡ್ ಯಾನ್ ಹ್ಯಾಮರ್. ಈ ಇಬ್ರ ಹಿಂದ ಹೋದ್ರೇ ತಿಂಗಳುಗಟ್ಲೆ ಕೇಳೋವಷ್ಟು ಸಿಗ್ತದ. ಯಾವ್ ಕಂಪ್ಯೂಟರೂ ಇಷ್ಟ್ ಛಲೋ ಶಿಫಾರಸು ಮಾಡಂಗಿಲ್ಲ ಅನ್ನೋದು ನನ್ ಅಭಿಪ್ರಾಯ, ಯಾಕಂದ್ರ ಈ ಸಂಗೀತ ಬೆಳೆದಿದ್ದೇ ಒಬ್ರ ಬ್ಯಾಂಡಿನ್ಯಾಗ ಇನ್ನೊಬ್ರು ಹೋಗಿ ನುಡಿಸಿ.

ಲೈವ್ ತಪ್ತದ, ಟೈಮ್ ಸಿಗಂಗಿಲ್ಲ ಅನ್ನೋರಿಗೆ ಎನ್‌ಟಿಎಸ್ ರೇಡಿಯೋ ಅದ, ಲಂಡನ್‌ದ್ದು, 2011ರಾಗ ಚಾಲೂ ಆಗಿದ್ದು. ಆಗಿ ಹೋದ ಶೋಗಳನ್ನ ಇಟ್ಟಿರ್ತಾರ, ಪ್ರಕಾರ ಆರಿಸಿ ಹುಡುಕ್ಬಹುದು, ಶೋದ ಕೆಳಗ ಹಾಡಿನ ಪಟ್ಟಿನೂ ಇರ್ತದ. ಇಲ್ಲಿ ಜಪಾನಿನ ಎಂಬತ್ತರ ದಶಕದ ಫ್ಯೂಷನ್, ಪೋಲೆಂಡಿನ ಜಾಝ್, ಬ್ರೆಜಿಲ್‌ದ್ದು ಅಂತ ಒಂದೇ ವಿಷಯದ ಮ್ಯಾಲ ಶೋ ಮಾಡೋ ಹುಚ್ಚರು ಇರ್ತಾರ, ಒಳ್ಳೆ ಅರ್ಥದಾಗೇ ಹೇಳಿದ್ದು ಮತ್ತ. ಮಿಕ್ಸ್‌ಕ್ಲೌಡ್ ಕೂಡ ಇಂಥದೇ, ಅದ್ರಾಗ ಯಾರ್ ಬೇಕಾದ್ರೂ ಶೋ ಹಾಕ್ಬಹುದು, ಹಿಂಗಾಗಿ ಜೊಳ್ಳೂ ಭಾಳ.

ಸ್ಟೇಷನ್‌ಗಳನ್ನ ಒಂದೇ ಕಡಿ ಇಟ್ಕೋಬೇಕಂದ್ರ ರೇಡಿಯೋ ಬ್ರೌಸರ್ ಅನ್ನೋ ಪುಕ್ಕಟೆ ಡೈರೆಕ್ಟರಿ ನೋಡ್ರಿ, ಮಂದಿನೇ ಕೂಡಿ ಸ್ಟೇಷನ್ ಸೇರಿಸ್ತಾರ, ಪ್ರತಿ ಸ್ಟೇಷನ್ನಿಗೂ ಟ್ಯಾಗ್, ಅಂದ್ರ ಯಾವ್ ಥರದ ಸಂಗೀತ ಅಂತ ಹೇಳೋ ಚೀಟಿ, ಇರ್ತದ, ಜಾಝ್ ಫ್ಯೂಷನ್ ಅಂತ ಟ್ಯಾಗ್ ಹುಡುಕಿದ್ರ ಸಣ್ಣ ಸಣ್ಣ ಸ್ಟೇಷನ್ನೂ ಬರ್ತಾವ. ಆಂಡ್ರಾಯ್ಡ್‌ದಾಗ ಇದೇ ಡೈರೆಕ್ಟರಿ ಮ್ಯಾಲ ನಡಿಯೋ ಆ್ಯಪ್ ರೇಡಿಯೋಡ್ರಾಯ್ಡ್, ಎಫ್-ಡ್ರಾಯ್ಡ್ ಅನ್ನೋ ಪುಕ್ಕಟೆ ಆ್ಯಪ್ ಅಂಗಡಿದಾಗ ಸಿಗ್ತದ. ರೇಡಿಯೋ ಗಾರ್ಡನ್ ಅಂದ್ರ ಭೂಮಿ ಗೋಳ ತಿರುವಿ ಹಸಿರು ಚುಕ್ಕಿ ಒತ್ತೋದು, ಆ ಊರಿನ ಸ್ಟೇಷನ್ ಹತ್ತತದ, ಹುಡುಗ್ರಿಗೆ ತೋರ್ಸಲಿಕ್ಕ ಛಂದ, ಒಂದೇ ಪ್ರಕಾರದ ಸಂಗೀತ ಹುಡುಕಲಿಕ್ಕ ಅಷ್ಟೇನೂ ಉಪಯೋಗಿಲ್ಲ. ಪಂಡೋರಾ, ಸಿರಿಯಸ್ ಎಕ್ಸ್ಎಂ ಅಂತ ಅಮೆರಿಕಾದ ಮಂದಿ ಹೇಳೋದು ಕೇಳಿ ಹುಡುಕ್ಲಿಕ್ಕ ಹೋಗಬ್ಯಾಡ್ರಿ, ಅವು ನಮ್ ದೇಶದಾಗ ನಡಿಯಂಗಿಲ್ಲ.

ಇನ್ನ ಎಲ್ಲಕ್ಕಿಂತ ಹಗುರ ದಾರಿ ವಿಎಲ್‌ಸಿ ಅನ್ನೋ ಪುಕ್ಕಟೆ ಪ್ಲೇಯರ್. ಹಳೇ ಫೋನ್, ಹಳೇ ಲ್ಯಾಪ್‌ಟಾಪ್ ಇದ್ರೂ ನಡೀತದ. ಸ್ಟೇಷನ್ನಿನ ವೆಬ್‌ಸೈಟ್‌ದಾಗ ಕೊನೀಗೆ ಪಿಎಲ್ಎಸ್ ಇಲ್ಲಾ ಎಂ3ಯು ಅಂತ ಇರೋ ಲಿಂಕ್ ಸಿಗ್ತದ, ಅದ್ನ ಕಾಪಿ ಮಾಡಿ, ಲ್ಯಾಪ್‌ಟಾಪ್‌ದಾಗ ಕಂಟ್ರೋಲ್ ಮತ್ತ ಎನ್ ಒತ್ತಿ ಪೇಸ್ಟ್ ಮಾಡ್ರಿ, ಫೋನಿನ್ಯಾಗಾದ್ರ ಮೋರ್ ಅನ್ನೋದ್ರಾಗ ಹೋಗಿ ನ್ಯೂ ಸ್ಟ್ರೀಮ್ ಒತ್ರಿ. ಆತು. ಬ್ಯಾರೆ ಆ್ಯಪ್ ಬ್ಯಾಡ, ಅಕೌಂಟ್ ಬ್ಯಾಡ.

ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್, ಜಿಯೋಸಾವನ್ ಇರೋರು ಪ್ಲೇಲಿಸ್ಟ್ ಹುಡುಕೋದ್ ಬಿಟ್ಟು ಒಂದ್ ಹಾಡಿಂದ ರೇಡಿಯೋ ಚಾಲೂ ಮಾಡ್ರಿ, ಅಂದ್ರ ಆ ಹಾಡಿನಂಥವೇ ಆ್ಯಪ್ ತಾನೇ ಹಚ್ಕೋತ ಹೋಗ್ತದ, ಹಾಡಿನ ಬಾಜೂಕ ಮೂರ್ ಚುಕ್ಕಿ ಇರ್ತಾವಲ್ಲ ಅಲ್ಲೇ ನೋಡ್ರಿ. ಇಲ್ಲಿ ಒಂದ್ ಹಿಕ್ಮತ್ ಅದ: ಭಾಳ ಫೇಮಸ್ ಹಾಡು ಕೊಟ್ರ ಅದು ಬರೇ ಫೇಮಸ್ಸೇ ಕೊಡ್ತದ, ಎರಡ್ ಹಾಡಿಗೆ ಸ್ಮೂತ್ ಜಾಝಿಗೆ ಜಾರ್ತದ. ಆಲ್ಬಮ್ಮಿನ ನಡುವಿಂದು, ಹತ್ತು ನಿಮಿಷದ್ದು, ಮಂದಿ ಕಡಿಮಿ ಕೇಳಿದ್ದು ಒಂದ್ ಆರಿಸಿ ಅದ್ರಿಂದ ಚಾಲೂ ಮಾಡ್ರಿ. ಸೆಟ್ಟಿಂಗ್‌ದಾಗ ಕ್ರಾಸ್‌ಫೇಡ್, ಅಂದ್ರ ಒಂದ್ ಹಾಡಿನ ಕೊನೀ ಮ್ಯಾಲ ಇನ್ನೊಂದ್ರ ಮೊದಲು ಕಲಸೋದು, ಆನ್ ಇದ್ರ ಬಂದ್ ಮಾಡ್ರಿ, ಈ ಆಲ್ಬಮ್‌ಗಳಾಗ ಒಂದ್ ಹಾಡು ಇನ್ನೊಂದಕ್ಕ ಕೂಡ್ಕೊಂಡೇ ಇರ್ತದ, ಅಲ್ಲಿ ಮಷೀನ್ ಕೈ ಹಾಕಿದ್ರ ತಾಳಾನೇ ಕೆಡ್ತದ.

ಯೂಟ್ಯೂಬ್‌ದಾಗ ಕೇಳೋದಕ್ಕಿಂತ ನೋಡೋದು ಜಾಸ್ತಿ ಛಲೋ. ಸ್ನಾರ್ಕಿ ಪಪ್ಪಿ ಬ್ಯಾಂಡಿನ ಒಂದ್ ರೆಕಾರ್ಡಿಂಗ್ ನೆದರ್‌ಲ್ಯಾಂಡಿನ ಉಟ್ರೆಕ್ಟ್‌ದಾಗ ಮಾಡಿದ್ದು, 2014ರಾಗ ಬಂತು, ಅದ್ರಾಗ ನೋಡಲಿಕ್ಕ ಬಂದ ಮಂದಿ ಎಲ್ಲಾ ಹೆಡ್‌ಫೋನ್ ಹಾಕ್ಕೊಂಡು ಬ್ಯಾಂಡಿನ ನಡುವೇ ಕೂತಿರ್ತಾರ. ಕೋರಿ ಹೆನ್ರಿ ಕೀಬೋರ್ಡ್ ಸೋಲೋ ಚಾಲೂ ಮಾಡ್ತಾನ, ಮೊದಲ ಮೆಲ್ಲಕ, ಆಮ್ಯಾಲ ಅದು ಏರ್ಕೋತ ಏರ್ಕೋತ ಹೋದಂಗ ಬಾಜೂಕ ನುಡಿಸೋ ಮಂದಿನೇ ತಲಿ ಹಿಡ್ಕೊಂಡು ನಗ್ತಾರ. ಬ್ಯಾಂಡಿನ ಹೆಸರು, ಕೋರಿ ಹೆನ್ರಿ ಹೆಸರು ಎರಡೂ ಕೂಡಿಸಿ ಹಾಕಿದ್ರ ಮ್ಯಾಲೇ ಬರ್ತದ. ಜರ್ಮನಿಯ ರೇಡಿಯೋದವ್ರು ತಮ್ದೇ ಬಿಗ್ ಬ್ಯಾಂಡ್, ಅಂದ್ರ ದೊಡ್ಡ ಜಾಝ್ ತಂಡ, ಸಾಕ್ಯಾರ, ಡಬ್ಲ್ಯೂಡಿಆರ್ ಬಿಗ್ ಬ್ಯಾಂಡ್ ಕಲೋನ್‌ದ್ದು, ಎನ್‌ಡಿಆರ್ ಹ್ಯಾಂಬರ್ಗ್‌ದ್ದು, ಅವ್ರ ಕಛೇರಿಗಳೂ ಯೂಟ್ಯೂಬ್‌ದಾಗ ಸಿಗ್ತಾವ.

ನಮ್ ಕಿವಿಗೆ ಇದೆಲ್ಲಾ ಹೊಸದು, ಎಲ್ಲಿಂದ ಹೊಂಡ್ಬೇಕು ಅನ್ನೋರು ಶಕ್ತಿ ಬ್ಯಾಂಡಿಂದ ಹೊಂಡ್ರಿ. ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಎಲ್. ಶಂಕರ್ ವಯೊಲಿನ್, ಝಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟಂ, ಎಪ್ಪತ್ತರ ದಶಕದ ನಡುವ ಕಟ್ಟಿದ್ದು. ಮುಂದ ಹೊಸಾ ತಂಡದ ಜೋಡಿ 2023ರಾಗ ಮತ್ತೊಂದ್ ಆಲ್ಬಮ್ ತಂದ್ರು, ಅದಕ್ಕ 2024ರಾಗ ಗ್ರ್ಯಾಮಿ ಸಿಕ್ತು, ಅದೇ ವರ್ಷ ಡಿಸೆಂಬರ್‌ದಾಗ ಝಾಕಿರ್ ಸಾಹೇಬ್ರು ಹೋದ್ರು. ನಮ್ ಕಡಿ ಭಜನಿ, ತತ್ವಪದದಾಗ ತಬಲಾ ಕೇಳಿ ಬೆಳೆದವ್ರಿಗೆ ಇದು ಎರಡನೇ ಸಲಕ್ಕೇ ಹಿಡೀತದ. ಅಲ್ಲಿಂದ ಮಹಾವಿಷ್ಣುವಿಗೆ ಹೋದ್ರ ಅವ್ರು 18 ಮಾತ್ರಿಯ ಲೆಕ್ಕದಾಗ ನುಡಿಸಿದ್ರೂ ಗಾಬರಿ ಆಗಂಗಿಲ್ಲ, ಬೆರಳ ಮಡಚಿ ಎಣಿಸ್ಕೋತ ಕೂಡ್ಬಹುದು. ಇನ್ನೊಂದು ನಮ್ ರಾಜ್ಯದ್ದೇ ಅದ, ಭಾಳ ಮಂದಿಗೆ ಗೊತ್ತಿಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಟಿ.ಎ.ಎಸ್. ಮಣಿ ಅವ್ರು, ಗಾಯಕಿ ಆರ್.ಎ. ರಮಾಮಣಿ ಅವ್ರು, ಅಮೆರಿಕಾದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೋಡಿ ಕೂಡಿ 1983ರಾಗ ಜ್ಯೋತಿ ಅಂತ ಒಂದ್ ಆಲ್ಬಮ್ ಮಾಡ್ಯಾರ, ಜರ್ಮನಿಯ ಇಸಿಎಂ ಕಂಪನಿ ತಂದದ್ದು. ಚಾರ್ಲಿ ಮರಿಯಾನೋ ಹೆಸರಿಂದ ಹುಡುಕ್ರಿ, ಸಿಗ್ತದ. ಕೇಳಿದ ಮ್ಯಾಲ ಕರ್ನಾಟಕದ ರೇಡಿಯೋದಾಗ ಇದ್ನ ಯಾಕ ಹಚ್ಚಂಗಿಲ್ಲ ಅಂತ ಸಿಟ್ಟೂ ಬರ್ತದ. ಶಾಸ್ತ್ರೀಯ ಕಿವಿ ಜರಾ ಬಲ ಆಗ್ಲಿ ಅಂದ್ರ ಆಕಾಶವಾಣಿಯ ರಾಗಂ ಚಾನೆಲ್ ಅದ, 2016ರಿಂದ ಬೆಂಗಳೂರಿಂದ ಬರ್ತದ, ನ್ಯೂಸ್ ಆನ್ ಏರ್ ಆ್ಯಪ್‌ದಾಗ ಹತ್ತತದ.

ಈಗಿನ ಸಣ್ಣ ಬ್ಯಾಂಡ್‌ಗಳು ಬೇಕಂದ್ರ ಬ್ಯಾಂಡ್‌ಕ್ಯಾಂಪ್, ಬ್ಯಾಂಡಿನವ್ರೇ ತಮ್ ಆಲ್ಬಮ್ ಮಾರೋ ಸೈಟ್. ಅಲ್ಲಿನೂ ಟ್ಯಾಗ್ ಹಿಡಿದು ಹೋಗ್ರಿ, ಕೊಳ್ಳೋಕಿಂತ ಮುಂಚೆ ಹೆಚ್ಚಿನ ಆಲ್ಬಮ್ ಪೂರಾ ಕೇಳಲಿಕ್ಕ ಬಿಡ್ತಾರ. ಕೊಳ್ಳೋದಿದ್ರ ನಿಮ್ ಬ್ಯಾಂಕ್ ಆ್ಯಪ್‌ದಾಗ ಕಾರ್ಡಿಗೆ ಇಂಟರ್‌ನ್ಯಾಷನಲ್ ಪೇಮೆಂಟ್ ಆನ್ ಮಾಡ್ಬೇಕು, ಕೆಲ್ಸ ಮುಗಿದ ಮ್ಯಾಲ ಬಂದ್ ಮಾಡೋದ್ ಮರಿಬ್ಯಾಡ್ರಿ.

ಡೇಟಾ ಎಷ್ಟ್ ಹೋಗ್ತದ ಅಂತ ಭಾಳ ಮಂದಿ ಅಂಜ್ತಾರ, ಅಂಜೋದೇನಿಲ್ಲ. ಕೆಬಿಪಿಎಸ್ ಅಂದ್ರ ಸೆಕೆಂಡಿಗೆ ಎಷ್ಟ್ ಡೇಟಾ ಬರ್ತದ ಅನ್ನೋ ಲೆಕ್ಕ; 128 ಕೆಬಿಪಿಎಸ್ ಸ್ಟ್ರೀಮ್ ತಾಸಿಗೆ ಸುಮಾರು 58 ಎಂಬಿ ತಿಂತದ, 64 ಕೆಬಿಪಿಎಸ್ ಆದ್ರ ಅದ್ರ ಅರ್ಧ, 320 ಆದ್ರ 144 ಎಂಬಿ. ದಿನಕ್ಕ ಒಂದೂವರಿ ಜಿಬಿ ಪ್ಯಾಕ್ ಇದ್ರ 128ರಾಗ ಹಗಲೂ ರಾತ್ರಿ ಹಚ್ಚಿಟ್ರೂ ಮುಗಿಯಂಗಿಲ್ಲ, ರೀಲ್ಸ್ ನೋಡೋದೇ ಇದಕ್ಕಿಂತ ಜಾಸ್ತಿ ತಿಂತದ. ಸಿಗ್ನಲ್ ವೀಕ್ ಇರೋ ಕಡಿ, ಚಿತ್ತಾಪುರ ಆಚಿ ಹಳ್ಳಿ ಇರ್ಲಿ ಔರಾದ್ ಕಡಿ ಇರ್ಲಿ, 64ರ ಎಎಸಿ ಅನ್ನೋ ಫಾರ್ಮ್ಯಾಟಿನ ಲಿಂಕ್ ಇದ್ರ ಅದ್ನೇ ಆರಿಸ್ರಿ, ಅದೇ 64ರ ಎಂಪಿ3ಕಿಂತ ಅದ್ರ ಸದ್ದು ಎಷ್ಟೋ ಛಲೋ ಇರ್ತದ. ಕಲಬುರಗಿ-ಬೀದರ್ ಟ್ರೇನಿನ್ಯಾಗ ಹೊಂಟಿದ್ರ ಲೈವ್ ಸ್ಟೇಷನ್ ನಂಬಬ್ಯಾಡ್ರಿ, ಮರಗುತ್ತಿ ಸುರಂಗದಾಗ ಸೋಲೋ ನಡುವೇ ಕಟ್ ಆಗ್ತದ, ಮನ್ಯಾಗ ವೈಫೈ ಇದ್ದಾಗೇ ಆಲ್ಬಮ್ ಡೌನ್‌ಲೋಡ್ ಮಾಡಿ ಇಟ್ಕೊಳ್ರಿ.

ಸ್ಕ್ರೀನ್ ಬಂದ್ ಆದ ಕೂಡ್ಲೇ ರೇಡಿಯೋನೂ ಬಂದ್ ಆಗ್ಲಿಕತ್ತಿದ್ರ ತಪ್ಪು ಸ್ಟೇಷನ್ನಿಂದಲ್ಲ, ಫೋನೇ ಚಾರ್ಜ್ ಉಳಿಸ್ಲಿಕ್ಕ ಆ್ಯಪ್ ಕೊಲ್ತದ. ಸೆಟ್ಟಿಂಗ್ಸ್, ಆ್ಯಪ್ಸ್, ಆ ರೇಡಿಯೋ ಆ್ಯಪ್, ಬ್ಯಾಟರಿ, ಅಲ್ಲೆ ಅನ್‌ರಿಸ್ಟ್ರಿಕ್ಟೆಡ್ ಅಂತ ಮಾಡ್ರಿ. ಮತ್ತ ಮಲಗೋ ಹೊತ್ತಿಗೆ ಹಚ್ಚೋರು ಸ್ಲೀಪ್ ಟೈಮರ್ ಇಡ್ರಿ.

ಸ್ಟೇಷನ್ ಲಿಂಕ್ ಒಂದಿನ ಸುಮ್ನ ಹತ್ತಂಗಿಲ್ಲ ಅಂದ್ರ ಮೊದಲ ಅವ್ರ ವೆಬ್‌ಸೈಟ್‌ಗೆ ಹೋಗಿ ಬ್ರೌಸರ್‌ದಾಗೇ ಹಚ್ಚಿ ನೋಡ್ರಿ. ಅಲ್ಲಿ ಹತ್ತಿದ್ರ ಸ್ಟೇಷನ್ ಜೀವಂತ ಅದ, ಬರೇ ಲಿಂಕ್ ಬದಲಾಗಿರ್ತದ, ಹೊಸಾದು ಕಾಪಿ ಮಾಡಿ ವಿಎಲ್‌ಸಿದಾಗ ಹಾಕ್ರಿ. ಅಲ್ಲಿನೂ ಹತ್ತಲಿಲ್ಲಂದ್ರ ಎರಡ್ ದಿನ ತಡದು ನೋಡ್ರಿ, ಆಮ್ಯಾಲ ಪಟ್ಟಿಯಿಂದ ತೆಗೀರಿ.